ಮುದ್ದರಹಟ್ಟಿಯ ಹೊಸ ಬೆಟ್ಟ

ಎತ್ತರಕೋಶವೆಂಬ ಯಂತ್ರಕ್ಕೆ ಉತ್ತರ ಹೇಳಲು ಮೂರು ಸೆಕೆಂಡೂ ಹಿಡಿಯಲಿಲ್ಲ. ಪರದೆಯ ಮೇಲೆ ಮುದ್ದರಹಟ್ಟಿಯ ನಕ್ಷೆ ಮೂಡಿತು, ಊರಿನ ಹಿಂಬದಿಯಲ್ಲಿ ಒಂದು ಹಸಿರು ಉಂಗುರ ಬಿತ್ತು, ಅದರ ಕೆಳಗೆ ಅಕ್ಷರಗಳು ಬಂದವು: 'ಬೆಟ್ಟ. ಎತ್ತರ ನೂರೈದು ಮೀಟರ್. ಸಂರಕ್ಷಿತ.'

ಗಾಳೆಮ್ಮ ಅದನ್ನು ಎರಡು ಸಲ ಓದಿದಳು. ಮುದ್ದರಹಟ್ಟಿಯ ಅಂಗನವಾಡಿಯಲ್ಲಿ ಹದಿನಾರು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಓದಲು ಬರದೆ ಅಲ್ಲ, ನಂಬಲಾಗದೆ ಎರಡು ಸಲ ಓದಿದಳು.

"ಸಾರ್, ಅದು ಬೆಟ್ಟ ಅಲ್ರಿ. ಗಣಿಯೋರು ಸುರುವಿದ ಮಣ್ಣು. ನನ್ನ ಕಣ್ಣೆದುರಿಗೇ ಸುರುವ್ಯಾರ."

ಎದುರಿಗೆ ಕುಳಿತಿದ್ದ ವಿಜ್ಞಾನಿ ಡಾ. ಅನಂತಶಯನ ಈ ಎತ್ತರಕೋಶವನ್ನು ಕಟ್ಟಿದವರು. ಒಳ್ಳೆಯ ಮನುಷ್ಯ, ದೂರದಿಂದ ಬಂದವಳೆಂದು ಕಾಫಿ ತರಿಸಿದ್ದರು. "ಯಂತ್ರಕ್ಕೆ ಅದು ತಿಳಿಯುವುದಿಲ್ಲಮ್ಮ. ಅದಕ್ಕೆ ಎತ್ತರ ಮಾತ್ರ ಗೊತ್ತು," ಎಂದರು.

ಅವರು ವಿವರಿಸಿದ್ದು ಇಷ್ಟು. ಉಪಗ್ರಹಗಳು ಪ್ರತಿ ತಿಂಗಳೂ ನೆಲದ ಮೇಲೆ ಬೆಳಕಿನ ಕಿರಣ ಬಿಟ್ಟು, ಅದು ಮರಳಿ ಬರಲು ಹಿಡಿಯುವ ಹೊತ್ತನ್ನು ಅಳೆಯುತ್ತವೆ. ಇಡೀ ನಾಡನ್ನು ಒಂದೊಂದು ಮೀಟರಿನ ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕದಲ್ಲೂ ಸಮುದ್ರಮಟ್ಟದಿಂದ ಅದರ ಎತ್ತರವನ್ನು ಬರೆದಿಡಲಾಗಿದೆ. ಎಲ್ಲವನ್ನೂ ತಡಕಾಡುತ್ತ ಕುಳಿತರೆ ಒಂದು ಪ್ರಶ್ನೆಗೆ ಒಂದು ವಾರ ಬೇಕಾದೀತು. ಆದ್ದರಿಂದ ಅಕ್ಕಪಕ್ಕದ ಚೌಕಗಳ ಗುಂಪುಗಳನ್ನು ಬಿಲ್ಲೆಗಳಾಗಿ ಕಟ್ಟಿ, ಯಾವ ಬಿಲ್ಲೆ ಯಾವ ಊರಿನದೆಂಬ ಸೂಚಿ ಮಾಡಿದ್ದಾರೆ; ಕೇಳಿದ ಊರಿನ ಬಿಲ್ಲೆಗಳನ್ನಷ್ಟೇ ಯಂತ್ರ ತೆರೆಯುತ್ತದೆ. ಬೆಟ್ಟಗಳನ್ನು ಉಳಿಸುವ ಕಾನೂನು ಬಂದಾಗ, ಯಾವುದು ಬೆಟ್ಟ ಎಂದು ಕಚ್ಚಾಡುವ ಬದಲು ಎತ್ತರಕೋಶವನ್ನೇ ಕೇಳುವುದೆಂದು ತೀರ್ಮಾನವಾಯಿತು. ಸುತ್ತ ಒಂದು ಕಿಲೋಮೀಟರಿನೊಳಗಿನ ಅತ್ಯಂತ ತಗ್ಗಿನ ಚೌಕಕ್ಕಿಂತ ನೂರು ಮೀಟರ್ ಮೇಲಿದ್ದರೆ ಅದು ಬೆಟ್ಟ. ಬೆಟ್ಟದಿಂದ ಒಂದು ಬುಟ್ಟಿ ಮಣ್ಣು ತೆಗೆದರೂ ಸೆರೆಮನೆ.

"ನಮ್ಮೂರಾಗ ಎಲ್ಲಕ್ಕಿಂತ ತಗ್ಗಿನ ಚೌಕ ಯಾವ್ದ್ರಿ?"

ಅನಂತಶಯನರು ಬೆರಳಿಟ್ಟು ತೋರಿಸಿದರು. ಅದು ಗಣಿಕುಣಿಯ ತಳವಾಗಿತ್ತು.

ಗಾಳೆಮ್ಮನ ಮೈಯೆಲ್ಲ ಉರಿದುಹೋಯಿತು. ಆ ಕುಣಿಯ ಜಾಗದಲ್ಲಿ ನಿಜವಾದ ಗುಡ್ಡವೊಂದಿತ್ತು. ಅದಿರಿನ ಆಸೆಗೆ ಅದನ್ನು ಅಗೆದು, ನೆಲಮಟ್ಟಕ್ಕಿಂತ ನಲವತ್ತೈದು ಮೀಟರ್ ಆಳಕ್ಕಿಳಿದರು. ಬೇಡದ ಮಣ್ಣನ್ನು ಅಂಗನವಾಡಿಯ ಹಿಂದೆ ಅರವತ್ತು ಮೀಟರ್ ಎತ್ತರ ರಾಶಿ ಹಾಕಿದರು. ಅದಿರು ಮುಗಿದದ್ದೇ ಗಂಟುಮೂಟೆ ಕಟ್ಟಿದರು. ಈಗ ಈ ಯಂತ್ರ ಕುಣಿಯ ಆಳವನ್ನೂ ರಾಶಿಯ ಎತ್ತರವನ್ನೂ ಕೂಡಿಸಿ, ಅವರ ಕಸಕ್ಕೆ ಬೆಟ್ಟದ ಪದವಿ ಕೊಟ್ಟು ಕಾವಲು ನಿಂತಿತ್ತು. ಹೋದ ಮಳೆಗಾಲದಲ್ಲಿ ರಾಶಿ ಜರಿದು ಅಂಗನವಾಡಿಯ ಅಡುಗೆಕೋಣೆಯ ಗೋಡೆಯವರೆಗೆ ಬಂದಿತ್ತು. ಒಳಗೆ ಹತ್ತೊಂಬತ್ತು ಮಕ್ಕಳು ಉಣ್ಣಲು ಕುಳಿತಿದ್ದರು.

"ಇನ್ನೊಂದು ಸಲ ಜರಿದ್ರ ನನ್ನ ಮಕ್ಳು ಮಣ್ಣಾಗ ಹೋಗ್ತಾವ್ರಿ. ಆ ಕುಣಿ ಮುಚ್ಚಿದ್ರ ಇದು ಬೆಟ್ಟ ಆಗಿ ಉಳಿಯಲ್ಲ, ಹೌದಲ್ರಿ?"

"ಮುಚ್ಚಲು ಆ ಮಣ್ಣೇ ಬೇಕಲ್ಲ ತಾಯಿ. ಅದನ್ನು ಮುಟ್ಟುವಂತಿಲ್ಲ."

"ನೀರು ತುಂಬಿದ್ರ?"

ಅನಂತಶಯನರು ಲೋಟ ಕೆಳಗಿಟ್ಟರು. "ನೀರಿನ ಮೇಲೆ ಬಿದ್ದ ಕಿರಣ ಸರಿಯಾಗಿ ಮರಳುವುದಿಲ್ಲ. ಅಂಥ ಚೌಕಗಳನ್ನು ಖಾಲಿ ಬಿಟ್ಟಿದ್ದೇವೆ. ಪ್ರಶ್ನೆ ಅವನ್ನು ದಾಟಿಕೊಂಡು ಹೋಗುತ್ತದೆ. ಇದನ್ನು ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ."

ಗಾಳೆಮ್ಮ ಯಾರಿಗೂ ಹೇಳಲಿಲ್ಲ, ಮಾಡಿಸಿದಳು. ಗಣಿಯವರು ಹಳ್ಳವನ್ನು ತಮ್ಮ ಕುಣಿಯಿಂದಾಚೆಗೆ ತಿರುಗಿಸಲು ಒಡ್ಡು ಕಟ್ಟಿದ್ದರು. ಮುದ್ದರಹಟ್ಟಿಯ ನಲವತ್ತು ಮನೆಯವರು ಗುದ್ದಲಿ ಹಿಡಿದು ಮೂರು ದಿನದಲ್ಲಿ ಅದನ್ನು ಒಡೆದರು. ಆ ವರ್ಷ ಉತ್ತರೆ ಮಳೆಯೂ ಹಸ್ತ ಮಳೆಯೂ ಕೈಕೊಡಲಿಲ್ಲ. ಹಳ್ಳ ಉಕ್ಕಿ ಹರಿದು ಕುಣಿ ಅಂಚಿನವರೆಗೂ ತುಂಬಿತು. ಅಷ್ಟು ದಿನವೂ ಗಾಳೆಮ್ಮ ಮೋಡ ಕವಿದೊಡನೆ ಮಕ್ಕಳನ್ನು ಮನೆಗೆ ಅಟ್ಟಿ, ರಾಶಿಯನ್ನು ನೋಡುತ್ತ ನಿಲ್ಲುತ್ತಿದ್ದಳು.

ಮುಂದಿನ ತಿಂಗಳು ಊರವರು ಎತ್ತರಕೋಶವನ್ನು ಕೇಳಿದರು. 'ಬೆಟ್ಟವಲ್ಲ' ಎಂದಿತು. ಗಾಳೆಮ್ಮ ಮಕ್ಕಳಿಗೆಲ್ಲ ಶೇಂಗಾ ಬೆಲ್ಲ ಹಂಚಿದಳು.

ಎಂಟೇ ದಿನಕ್ಕೆ ಸರ್ಕಾರದ ಆದೇಶ ಬಂತು. ಬೆಟ್ಟವಲ್ಲದ ಗಣಿಮಣ್ಣನ್ನು ಒಂದು ಕಿಲೋಮೀಟರಿನೊಳಗಿನ ಅತ್ಯಂತ ತಗ್ಗಿನ ಜಾಗಕ್ಕೆ ಸುರಿದು ನೆಲ ಸಮ ಮಾಡಬೇಕೆಂಬುದು ನಿಯಮ. ಹಾಳು ಕುಣಿಗಳನ್ನು ಮುಚ್ಚಿಸಲೆಂದೇ ಯಾರೋ ಪುಣ್ಯಾತ್ಮರು ಮಾಡಿದ್ದು. ಆದರೆ ಕುಣಿ ಈಗ ಖಾಲಿ ಚೌಕಗಳ ಗುಂಪು. ಯಂತ್ರ ಅದನ್ನು ದಾಟಿಕೊಂಡು ಹೋಗಿ, ಅದರ ನಂತರದ ತಗ್ಗು ಜಾಗವನ್ನು ಪ್ರಾಮಾಣಿಕವಾಗಿ ಹುಡುಕಿ ಕೊಟ್ಟಿತ್ತು. ಅದು ಮುದ್ದರಹಟ್ಟಿ. ನಲವತ್ತು ಮನೆ, ಒಂದು ಅಂಗನವಾಡಿ, ಹದಿನೈದು ದಿನದಲ್ಲಿ ತೆರವು. ಬಡವರ ಬಾಯಿಗೆ ಮಣ್ಣು ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಇಲ್ಲಿ ಅದನ್ನು ಚೌಕ ಎಣಿಸಿ, ಶಾಸ್ತ್ರೋಕ್ತವಾಗಿ ಹಾಕಲು ಹೊರಟಿದ್ದರು.

ಗಾಳೆಮ್ಮ ಫೋನ್ ಮಾಡಿದಳು. ಅಳಲಿಲ್ಲ, ಬೇಡಲಿಲ್ಲ. "ಸಾರ್, ನಿಮ್ಮ ಲೆಕ್ಕ ಏನು ಮಾಡೈತಂತ ನೋಡಾಕ ಬರ್ರಿ," ಎಂದು ಇಟ್ಟುಬಿಟ್ಟಳು.

ಗಡುವು ಮುಗಿದ ದಿನ ಬೆಳಿಗ್ಗೆ ಅನಂತಶಯನರು ಬಂದಿಳಿದರು. ಐದು ವರ್ಷದಿಂದ ಈ ಊರಿನ ಒಂದೊಂದು ಚೌಕವೂ ಅವರ ಕೈಯಲ್ಲಿತ್ತು. ಊರನ್ನು ನೋಡಿದ್ದು ಅದೇ ಮೊದಲು. ಮನೆಗಳ ಮುಂದೆ ರಂಗೋಲಿ ಬಿದ್ದಿತ್ತು. ಯಾರೂ ತೆರವು ಮಾಡಿರಲಿಲ್ಲ. ಅಂಗನವಾಡಿಯೊಳಗೆ ಮಕ್ಕಳು ತಟ್ಟೆ ಬಡಿಯುತ್ತಿದ್ದರು, ಹಿಂದೆ ಕೆಂಪು ರಾಶಿ ಸೂರಿನ ಮೇಲೆ ಬಾಗಿದಂತೆ ನಿಂತಿತ್ತು. ಅವರು ತಲೆಯೆತ್ತಿ ಅದರ ತುದಿಯವರೆಗೆ ನೋಡಿದರು.

"ತಪ್ಪು ನನ್ನದಮ್ಮ," ಎಂದರು. "ನೀರಿನ ಚೌಕವನ್ನು ಖಾಲಿ ಬಿಡಬಾರದಿತ್ತು. ಮನುಷ್ಯರಿರುವ ಚೌಕ ಯಾವುದೆಂದು ಬರೆಯಬೇಕಿತ್ತು, ಅದು ಹೊಳೆಯಲೇ ಇಲ್ಲ. ಇವತ್ತೇ ಸರ್ಕಾರಕ್ಕೆ ಬರೆಯುತ್ತೇನೆ."

"ಉತ್ರ ಯಾವಾಗ ಬರ್ತೈತ್ರಿ?"

"ಒಂದು ತಿಂಗಳಾಗಬಹುದು."

ಊರಮುಂದಿನ ರಸ್ತೆಯಲ್ಲಿ ಲಾರಿಗಳ ಸಾಲು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಗಾಳೆಮ್ಮ ಅತ್ತ ಒಮ್ಮೆ ನೋಡಿ, ಅಂಗನವಾಡಿಯ ಮುಂದೆ ರಾಶಿಯತ್ತ ಹೋಗುವ ದಾರಿಗೆ ಅಡ್ಡವಾಗಿ ಚಾಪೆ ಹಾಸಿದಳು.

"ಹಂಗಾರ ಬರೀರಿ. ಉತ್ರ ಬರೋತನಕ ನನ್ನ ಪಕ್ಕದಾಗ ಕುಂದರ್ರಿ. ನಿಮ್ಮ ಯಂತ್ರಕ್ಕ ಮನುಷ್ಯಾರು ಕಾಣಲ್ಲ. ಲಾರಿ ಹೊಡಿಯೋರಿಗೆ ಕಾಣ್ತಾರ."

ಅನಂತಶಯನರು ಚಪ್ಪಲಿ ಬಿಟ್ಟು ಚಾಪೆಯ ಮೇಲೆ ಕುಳಿತರು. ಮೊದಲ ಲಾರಿ ಹಾರ್ನ್ ಹೊಡೆಯಿತು. ಇಬ್ಬರೂ ಏಳಲಿಲ್ಲ.