ಒಣಗದ ಬೊಟ್ಟು

ಆಸ್ಪತ್ರೆಯಲ್ಲಿದ್ದ ಕುಶಲನನ್ನು ನಮ್ಮ ಆಫೀಸು ಒಂದು ಈಮೇಲಿನಲ್ಲಿ ಕೆಲಸದಿಂದ ತೆಗೆಯಿತು. ಹನ್ನೊಂದನೆಯ ದಿನ ಅವನು ತೀರಿಕೊಂಡ. ಆಫೀಸಿನಲ್ಲಿದ್ದ ಅವನ ಕಂಪ್ಯೂಟರನ್ನು ಬಿಚ್ಚಿ ಬಿಡಿಭಾಗಗಳನ್ನು ಮಾರಿದರು. ಅವನ ಹೆಂಡತಿ ರಂಜನಿ ಆಫೀಸಿನ ವಿರುದ್ಧ ಕೋರ್ಟಿಗೆ ಹೋದಳು.

"ಅವನೇ ರಾಜೀನಾಮೆ ಕೊಟ್ಟ ಅಂತ ಸಾಕ್ಷಿ ಬರ್ಕೊಡಿ," ಎಂದರು ಮ್ಯಾನೇಜರ್ ಮಧುಕರ್. ಬರೆದರೆ ರಂಜನಿಯ ಕೇಸು ಬಿದ್ದುಹೋಗುತ್ತದೆ. ಬರೆಯದಿದ್ದರೆ ನನ್ನ ಕೆಲಸ ಹೋಗುತ್ತದೆ.

ಅದೇ ವಾರ ಮನೆಯಲ್ಲಿ ನನ್ನ ಹಳೆಯ ಕಂಪ್ಯೂಟರಿನಲ್ಲಿ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಹೊಸ ಕಾರ್ಡುಗಳನ್ನು ಆ ಕಂಪ್ಯೂಟರಿನ ಪವರ್ ಸಪ್ಲೈ ತಾಳದು. ಬೆರ್ರಿಯೆಸಾ ಬಡಾವಣೆಯ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ, ಬೇರೆ ಪವರ್ ಕೇಬಲ್ ಬೇಡದ ಅಗ್ಗದ ಹಳೆಯ ಕಾರ್ಡೊಂದು ಸಿಕ್ಕಿತು. ಅದರ ಮೇಲಿನ ಪುಟ್ಟ ಫ್ಯಾನಿನ ನಡುವೆ ಕುಂಕುಮದ ಬೊಟ್ಟಿತ್ತು. ಆಯುಧಪೂಜೆಗೆ ಕಂಪ್ಯೂಟರಿನ ಒಳಗೂ ಬೊಟ್ಟಿಡುತ್ತಿದ್ದವನು ನಮ್ಮಲ್ಲಿ ಕುಶಲನೊಬ್ಬನೇ.

ಬೊಟ್ಟು ಒರೆಸಿ ಕಾರ್ಡು ಹಾಕಿದೆ. ಮಧ್ಯಾಹ್ನ ಸಾಕ್ಷಿ ಬರೆಯಲು ಕೂತಾಗ ಫ್ಯಾನಿನಿಂದ ಬಿಸಿಗಾಳಿಯ ಬದಲು, ಆಸ್ಪತ್ರೆಯ ವಾಸನೆಯ ತಣ್ಣನೆ ಗಾಳಿ ಬಂತು. ನನ್ನ ಹೆಂಡತಿ ಬಿಂದುಶ್ರೀ ಪ್ಲಗ್ ಕಿತ್ತಳು.

"ರೀ, ಇನ್ನೂ ತಿರುಗ್ತಿದೆಯಲ್ರೀ!"

ಮುಚ್ಚಳ ತೆಗೆದೆ. ಬೊಟ್ಟು ಮತ್ತೆ ಅಲ್ಲೇ ಇತ್ತು. ಮುಟ್ಟಿದರೆ ಒದ್ದೆ. ಬೆರಳಿಗೆ ಹತ್ತಿದ ಕೆಂಪು ಸೋಪಿಗೂ ಹೋಗಲಿಲ್ಲ.

ಅಷ್ಟರಲ್ಲಿ ಮಧುಕರ್ ಫೋನು: "ಇನ್ನೂ ಬರೆದಿಲ್ವಾ? ಸತ್ತೋನು ಎದ್ದು ಬಂದು ಕೇಳ್ತಾನೇನ್ರೀ? ಕಳ್ಸಿ!"

"ನಾನು ಬರೆಯಲ್ಲ ಸಾರ್," ಎಂದೆ.