ಬುಧವಾರದ ರೋಗಿ

ಕಾರಿಡಾರಿನ ಬೆಂಚಿನ ಮೇಲೆ ಒಬ್ಬ ಯುವಕ ಎದೆ ಹಿಡಿದುಕೊಂಡು ಒಂದು ಕಡೆಗೆ ವಾಲಿದ್ದ. ಹಣೆಯ ಮೇಲೆ ಬೆವರು, ಕಚ್ಚಿಕೊಂಡ ತುಟಿ, ಎಡಗೈಯನ್ನು ಮೆಲ್ಲಗೆ ಉಜ್ಜಿಕೊಳ್ಳುತ್ತಿದ್ದ ಬಗೆ, ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೇ ಇತ್ತು. ಮೂರನೇ ವರ್ಷದ ಮೆಡಿಕಲ್ ಹುಡುಗಿಯ ಎದೆ ಧಸಕ್ಕೆಂದಿತು. ಬ್ಯಾಗನ್ನು ನೆಲಕ್ಕೆಸೆದು ಓಡಿಹೋಗಿ ಅವನ ಕಾಲರ್ ಗುಂಡಿ ಬಿಚ್ಚಿದಳು, ಮಣಿಕಟ್ಟು ಹಿಡಿದಳು, ಸ್ಟ್ರೆಚರ್ ತನ್ನಿ ಎಂದು ಕೂಗಲು ಬಾಯಿ ತೆರೆದಳು.

ಅವನು ಒಂದು ಕಣ್ಣು ಮಾತ್ರ ತೆರೆದ.

"ನನ್ನ ಸರದಿ ಇನ್ನೂ ಬಂದಿಲ್ಲ," ಎಂದ ಬಹಳ ಮರ್ಯಾದೆಯಿಂದ. "ಇದು ಬರೀ ಪ್ರಾಕ್ಟೀಸ್. ಬೆವರಲ್ಲ, ನಲ್ಲಿ ನೀರು."

ಅವನ ನಾಡಿ ಶಾಂತವಾಗಿ ಹೊಡೆದುಕೊಳ್ಳುತ್ತಿತ್ತು. ಓಡುತ್ತಿದ್ದದ್ದು ಅವಳದು. ಪೆಚ್ಚು ಮೋರೆ ಹಾಕಿಕೊಂಡು ಬ್ಯಾಗು ಎತ್ತಿಕೊಂಡು ಹೊರಟವಳಿಗೆ ಕಾಲರ್ ಗುಂಡಿ ಮತ್ತೆ ಹಾಕಿಬಿಡಬೇಕಿತ್ತೇನೋ ಎಂಬ ಯೋಚನೆ ಮೆಟ್ಟಿಲಿಳಿಯುವವರೆಗೂ ಕಾಡಿತು.

ಆ ಕಾಲೇಜಿನಲ್ಲಿ ಪ್ರತಿ ಬುಧವಾರ ಹೀಗೊಂದು ಕ್ಲಾಸು. ಆರೋಗ್ಯವಾಗಿರುವ ನಾಲ್ಕಾರು ಜನರಿಗೆ ಸಂಬಳ ಕೊಟ್ಟು, ಒಂದೊಂದು ಕಾಯಿಲೆಯ ಕಥೆ ಹೇಳಿಕೊಟ್ಟು ಕೂರಿಸುತ್ತಿದ್ದರು. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಪ್ರಶ್ನೆ ಕೇಳಿ ಕಾಯಿಲೆ ಕಂಡುಹಿಡಿಯಬೇಕು. ಗಾಜಿನ ಕಿಟಕಿಯ ಆಚೆ ಮೇಡಂ ಕೂತು ಎಲ್ಲ ಕೇಳಿಸಿಕೊಳ್ಳುತ್ತಾರೆ. ನಟ ರೋಗಿ ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕು. ಆದರೆ ಪ್ರತಿಯೊಬ್ಬ ರೋಗಿಯ ಹೊಟ್ಟೆಯಲ್ಲೂ ಒಂದು ಗುಟ್ಟು ಇರುತ್ತದೆ. ಎಲ್ಲ ಮುಗಿದ ಮೇಲೆ 'ಬೇರೆ ಏನಾದ್ರೂ ಹೇಳೋದಿದೆಯಾ?' ಎಂದು ಕೇಳಿದವರಿಗೆ ಮಾತ್ರ ಅದು ಸಿಗುತ್ತದೆ, ಅದರ ಜೊತೆಗೆ ಒಳ್ಳೆಯ ಮಾರ್ಕ್ಸೂ.

ನಮ್ಮ ಹುಡುಗಿಗೆ ಆ ಮಾರ್ಕ್ಸು ಒಮ್ಮೆಯೂ ಸಿಕ್ಕಿರಲಿಲ್ಲ. ಕೇಳಲು ಬೇಸರವೆಂದಲ್ಲ. ಅವಳ ಕುತೂಹಲ ಅಂಥದು. ಹೊಟ್ಟೆನೋವೆಂದರೆ ಯಾವ ಕಡೆ ಮಲಗುತ್ತೀರಿ ಎಂದು ಕೇಳಿ, ಕನಸು ಬೀಳುತ್ತದೆಯೇ ಎಂದು ಕೇಳಿ, ಕನಸಿನಲ್ಲೂ ನೋಯುತ್ತದೆಯೇ ಎಂದು ಕೇಳುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು.

ಇನ್ನೊಂದು ಕಟ್ಟುನಿಟ್ಟಿನ ರೂಲ್ ಇತ್ತು. ವಿದ್ಯಾರ್ಥಿಗಳಿಗೂ ನಟ ರೋಗಿಗಳಿಗೂ ಹೊರಗೆ ಪರಿಚಯ ಇರಕೂಡದು. ಇದ್ದರೆ ಇವರ ಮಾರ್ಕ್ಸು ಹೋಯಿತು, ಅವರ ಕೆಲಸ ಹೋಯಿತು.

ಬೆಂಚಿನ ಮೇಲಿದ್ದ ಆ ಯುವಕ ಒಂದು ವಾರ ಬೆನ್ನುನೋವಿನ ಗುಮಾಸ್ತನಾದ, ಇನ್ನೊಂದು ವಾರ ಲಿಫ್ಟ್ ಕಂಡರೆ ಹೆದರುವ ಅಡುಗೆಯವನಾದ. ಮುಖ ಬೇರೆ, ದನಿ ಬೇರೆ, ಕುರ್ಚಿಯಲ್ಲಿ ಕೂರುವ ರೀತಿಯೇ ಬೇರೆ. ಇಷ್ಟೆಲ್ಲ ಜನರ ಹಿಂದೆ ಇರುವ ಆ ಒಬ್ಬ ಯಾರು ಎಂದು ಅವಳಿಗೆ ತಲೆಕೆಟ್ಟುಹೋಯಿತು. ಅವನ ಶೂ ಅಂಚಿಗೆ ಒಣಗಿದ ಕೆಂಪು ಮಣ್ಣು ಇರುತ್ತಿತ್ತು. ಅಂಗೈಯಲ್ಲಿ ಭಾರ ಎತ್ತುವವರಿಗೆ ಬರುವ ಗಟ್ಟಿ ಚರ್ಮವಿತ್ತು. ಪಿತ್ತಕೋಶದ ಕಲ್ಲಿನ ರೋಗಿಯಾಗಿ ಬಂದ ದಿನ ಮಂಚದ ಮೇಲೆ ಮಲಗಿಸಿದಾಗ ಅವನ ಜೇಬಿನಿಂದ ಹಸಿರು ಗೆರೆಯ ಒಂದು ಪುಟ್ಟ ಕಲ್ಲು ಉರುಳಿ ಬಿತ್ತು. ಇದೇನು ಎಂಬಂತೆ ಅವಳು ಹುಬ್ಬೇರಿಸಿದಳು.

ಅವನು ಕಿಟಕಿಯ ಕಡೆಗೊಮ್ಮೆ ನೋಡಿ, ನೋವಿನ ಮುಖವನ್ನು ಕಿಂಚಿತ್ತೂ ಬದಲಿಸದೆ ಹೇಳಿದ. "ಡಾಕ್ಟ್ರೇ, ಇದು ಪಿತ್ತಕೋಶದ್ದಲ್ಲ."

ಅವಳು ನಗು ತಡೆಯಲು ಕೆಮ್ಮಿದಳು. ಕೊನೆಯ ಪ್ರಶ್ನೆ ಆ ದಿನವೂ ಮರೆತುಹೋಯಿತು.

ಉಳಿದದ್ದನ್ನು ಪತ್ತೆ ಮಾಡಿದ್ದು ಅವಳದೇ ಕ್ಲಾಸಿನ ರೂಮ್‌ಮೇಟ್. ಹುಡುಗ ಪಕ್ಕದ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಾನಂತೆ. ಬೆಳಗ್ಗೆ ಹಾಲಿನ ವ್ಯಾನಿನಲ್ಲಿ ಕೆಲಸ, ಶನಿವಾರ ಭಾನುವಾರ ಫರ್ನಿಚರ್ ಅಂಗಡಿಯಲ್ಲಿ ಬೀರು ಮಂಚ ಇಳಿಸುವುದು, ನಡುವೆ ಈ ರೋಗಿ ವೇಷ. ಕಲ್ಲು ಓದುವವನಿಗೆ ಗುಡ್ಡ ಹತ್ತಲು ಪುರುಸೊತ್ತಿಲ್ಲ ಎಂದು ಅವನ ಕ್ಲಾಸಿನವರು ಆಡಿಕೊಳ್ಳುತ್ತಾರಂತೆ.

ಮುಂದಿನ ಬುಧವಾರ ಅವನು ತಲೆನೋವಿನ ವಿದ್ಯಾರ್ಥಿಯಾಗಿ ಕೂತಿದ್ದ. ಓದಿನ ಜೊತೆ ಚಪ್ಪಲಿ ಅಂಗಡಿಯಲ್ಲಿ ದುಡಿಯುವವನು, ನಿದ್ದೆಗೆಟ್ಟವನು. ಕಥೆ ಅವನದೇ ಬದುಕಿನ ತೀರ ಹತ್ತಿರಕ್ಕೆ ಬಂದ ಹಾಗೆನಿಸಿ ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದಳು. ನಿದ್ದೆ, ಊಟ, ಕನ್ನಡಕ ಎಲ್ಲ ವಿಚಾರಿಸಿ, ಸರ್ಕಾರದಿಂದ ವಿದ್ಯಾರ್ಥಿವೇತನ ಸಿಗುತ್ತದಲ್ಲ, ಕೇಳಬಾರದೇಕೆ ಎಂದಳು.

"ಅದು ಬಂದ್ರೆ ಕೆಲಸ ಎಲ್ಲಾ ಬಿಡಬೇಕು ಡಾಕ್ಟ್ರೇ. ಹಾಗೇ ರೂಲ್ ಇದೆ."

"ಬಿಡಿ. ತಲೆನೋವೂ ಬಿಡುತ್ತೆ."

"ನಮ್ಮಪ್ಪ ಗಡಿಯಾರ ರಿಪೇರಿ ಮಾಡ್ತಾರೆ. ಯಾರ ಮುಂದೆನೂ ಕೈ ಚಾಚಿದೋರಲ್ಲ. ಸರ್ಕಾರ ಸಾಕೋ ಮಕ್ಕಳನ್ನ ಕಂಡ್ರೆ ಅವರಿಗೆ ನಗು."

ಆ ಮಾತು ಅವಳಿಗೆ ಚುರುಕ್ಕೆಂದಿತು. ಅವಳೇ ಸರ್ಕಾರ ಸಾಕುವ ಮಗಳು. ಮೊದಲ ವರ್ಷ ಅವಳೂ ಸಂಜೆಯೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಬೆಳಗ್ಗೆ ಅನಾಟಮಿ ಕ್ಲಾಸಿನಲ್ಲಿ ತೂಕಡಿಸಿ, ಕೊನೆಗೆ ಫೇಲಾಗಿದ್ದಳು. ಟೈಲರ್ ಆಗಿದ್ದ ಅಮ್ಮ ಆ ದಿನ ಹೊಲಿಗೆ ಯಂತ್ರದಿಂದ ತಲೆ ಎತ್ತಲೇ ಇಲ್ಲ. ಮರುವರ್ಷ ವಿದ್ಯಾರ್ಥಿವೇತನ ಸಿಕ್ಕದಿದ್ದರೆ ಈ ಬಿಳಿ ಕೋಟು ಎಲ್ಲಿಯದು? ಇದನ್ನೆಲ್ಲ ಅವಳು ರೋಗಿಯ ಮುಂದೆ ಹೇಳಬಾರದಿತ್ತು. ಹೇಳಿಬಿಟ್ಟಳು.

"ಆ ದುಡ್ಡು ನನ್ನನ್ನ ಸಾಕಲಿಲ್ಲ," ಎಂದಳು ಕೊನೆಗೆ. "ನನ್ನ ಸಂಜೆಗಳನ್ನ ನನಗೆ ವಾಪಸ್ ಕೊಡ್ತು, ಅಷ್ಟೇ."

ಅವನು ಹಣೆಯ ಮೇಲಿದ್ದ ಕೈ ತೆಗೆದ. ಆಮೇಲೆ ಮೆಲ್ಲಗೆ, ದುಡಿಮೆಯೂ ಬರೀ ನಷ್ಟವಲ್ಲ ಎಂದ. ಮೊದಲು ಹೊಸಬರ ಮುಂದೆ ಬಾಯಿಗೆ ಬೀಗ ಬೀಳುತ್ತಿತ್ತಂತೆ. ಈಗ ನೋವಿರುವವರು ಬಾಗಿಲಲ್ಲಿ ನಿಂತು ಕುರ್ಚಿಯನ್ನು ಹೇಗೆ ಹುಡುಕುತ್ತಾರೆ ಎಂಬುದು ಕೂಡ ತನಗೆ ಗೊತ್ತು ಎಂದ. ಅವಳಿಗೆ ಜೆರಾಕ್ಸ್ ಅಂಗಡಿಯಲ್ಲಿ ತಾನೂ ಏನೋ ಕಲಿತಿದ್ದಿರಬಹುದು ಎನಿಸಿತು. ಗಂಟೆ ಹೊಡೆಯಿತು.

"ರೋಗಿಗೆ ತಲೆನೋವು ಬಂದಿದ್ರೆ ನೀನು ಭಾಷಣ ಮಾಡ್ತೀಯಲ್ಲಮ್ಮ," ಎಂದರು ಮೇಡಂ.

ಸಂಜೆ ರೂಮಿನಲ್ಲಿ ಮಾತು ಬಂದಾಗ ರೂಮ್‌ಮೇಟ್ ಬಾಚಣಿಗೆ ಹಿಡಿದು ಹಾಗೇ ನಿಂತಳು. "ಆ ಕೇಸಲ್ಲಿ ಅಪ್ಪ ಬಸ್ ಡ್ರೈವರ್ ಕಣೇ. ನನಗೆ ಹಾಗಂತಲೇ ಹೇಳಿದ್ದ. ಗಡಿಯಾರ ಎಲ್ಲಿಂದ ಬಂತು?"

ಅಂದರೆ ಅದು ವೇಷದ ಮಾತಲ್ಲ. ಇಡೀ ಬುಧವಾರದಲ್ಲಿ ಅವಳೊಬ್ಬಳಿಗೇ ಅವನು ನಿಜ ಹೇಳಿದ್ದ. ಅವಳ ಮುಖ ಬಿಸಿಯಾಯಿತು, ಅದು ಇಷ್ಟವೂ ಆಯಿತು. ಸುಮ್ಮನಿರುವ ಜಾಯಮಾನದವಳಲ್ಲವಲ್ಲ, ಮರುದಿನ ಅಮ್ಮ ಕೊಟ್ಟಿದ್ದ ನಿಂತುಹೋದ ವಾಚು ಹಿಡಿದುಕೊಂಡು ಗಡಿಯಾರದ ಅಂಗಡಿಗಳನ್ನು ಹುಡುಕಿಕೊಂಡು ಹೊರಟಳು. ಹೊರಗೆ ಪರಿಚಯ ಬೇಡ ಎಂದಿರುವುದು ರೋಗಿಯ ಜೊತೆ, ರೋಗಿಯ ಅಪ್ಪನ ಜೊತೆ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹಳೆಯ ಪೋಸ್ಟಾಫೀಸಿನ ಹಿಂದಿನ ಕಿರಿದಾದ ಅಂಗಡಿಯಲ್ಲಿ ಕೂತಿದ್ದ ಹಿರಿಯರು ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಇನ್ನೊಂದನ್ನು ಮಾತ್ರ ತೆರೆದು ಅವಳನ್ನು ನೋಡಿದರು. ಆ ನೋಟ ಅವಳಿಗೆ ಗೊತ್ತಿದ್ದದ್ದೇ. ಗೋಡೆಯ ಶೆಲ್ಫಿನಲ್ಲಿ ಗಡಿಯಾರಗಳ ನಡುನಡುವೆ ಕಲ್ಲುಗಳನ್ನು ಜೋಡಿಸಿಟ್ಟಿದ್ದರು.

ವಾಚಿನ ಬೆನ್ನು ಬಿಚ್ಚುತ್ತಾ ಅವರೇ ಮಾತಿಗಿಳಿದರು. ಕಲ್ಲುಗಳು ಮಗನವಂತೆ. ಒಂದು ಟರ್ಮ್ ಪೂರ್ತಿ ಬೆಟ್ಟದಲ್ಲಿದ್ದು ಕಲಿತು ಬರದಿದ್ದರೆ ಅವನಿಗೆ ಡಿಗ್ರಿ ಇಲ್ಲವಂತೆ. ವಿದ್ಯಾರ್ಥಿವೇತನ ಮಂಜೂರಾಗಿ ವಾರಗಳೇ ಆದವು, ಒಪ್ಪಿ ಸೈನ್ ಮಾಡಲು ಮುಂದಿನ ವಾರದ ಶುಕ್ರವಾರ ಕೊನೆಯ ದಿನವಂತೆ.

"ದುಡಿದಿದ್ದು ಸಾಕು, ಓದೋ ವಯಸ್ಸಲ್ಲಿ ಓದು, ಸೈನ್ ಮಾಡು ಅಂತ ನಾನೇ ಬಡ್ಕೊಳ್ತಿದ್ದೀನಿ," ಎಂದರು. "ಅದೇನು ಹಟವೋ ಗೊತ್ತಿಲ್ಲಮ್ಮ. ಬುಧವಾರ ಆಗಲಿ ನೋಡೋಣ, ಬುಧವಾರ ಆಗಲಿ ನೋಡೋಣ ಅಂತಾನೆ."

ಅಪ್ಪ ನಗುವವರಲ್ಲ. ಹಾಗಿದ್ದರೆ ಅವನು ಹೇಳಿದ ಕಾರಣ ಸುಳ್ಳು. ನಿಜವಾದ ಕಾರಣ ಇನ್ನೂ ಅವನ ಹೊಟ್ಟೆಯಲ್ಲೇ ಇದೆ. ಟಿಕ್ ಟಿಕ್ ಎನ್ನತೊಡಗಿದ ವಾಚನ್ನು ಕೈಗೆ ಕಟ್ಟಿಕೊಂಡು ಅವಳು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಅವನು ಸೈನ್ ಮಾಡದಿದ್ದರೆ ಓದು ಹಾಳು. ಮಾಡಿದರೆ ಇನ್ನು ಬುಧವಾರ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಎರಡನೆಯದನ್ನು ನೆನೆದು ಅವಳಿಗೆ ಅಳು ಬಂತು. ಆಗ ಗೊತ್ತಾಯಿತು, ಇದು ಬರೀ ಕುತೂಹಲವಲ್ಲ ಎಂದು.

ಬುಧವಾರ ಅವನು ನಿದ್ದೆ ಬಾರದ ರೋಗಿ. ವೇಷ ಹಾಕುವ ಅಗತ್ಯವೇ ಇರಲಿಲ್ಲ, ಕಣ್ಣ ಕೆಳಗೆ ನಿಜವಾಗಿಯೂ ಕಪ್ಪಾಗಿತ್ತು. ಅವಳು ಒಳಗೆ ಬಂದು ಕೂತಳು. ಹೆಸರು ಕೇಳಲಿಲ್ಲ, ನಾಡಿ ನೋಡಲಿಲ್ಲ.

"ಬೇರೆ ಏನಾದ್ರೂ ಹೇಳೋದಿದೆಯಾ?" ಎಂದಳು.

ಅವನು ತಬ್ಬಿಬ್ಬಾದ. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಕಿಟಕಿಯ ಕಡೆ ನೋಡಿದ, ತನ್ನ ಕೈ ನೋಡಿಕೊಂಡ, ಅವಳ ಮಣಿಕಟ್ಟಿನ ಮೇಲಿದ್ದ ವಾಚು ನೋಡಿದ. ಅಪ್ಪ ರಿಪೇರಿ ಮಾಡಿದ ವಾಚಿಗೆಲ್ಲ ಕಟ್ಟಿಕೊಡುವ ನೀಲಿ ಪಟ್ಟಿ ಅದಕ್ಕಿತ್ತು. ಅವನ ಮುಖದಿಂದ ರೋಗಿ ಎದ್ದುಹೋದ.

"ಇದೆ," ಎಂದ. "ನಮ್ಮಪ್ಪ ನಗಲ್ಲ. ಅದು ನಾನು ಕಟ್ಟಿದ್ದು. ಸೈನ್ ಮಾಡಿದ್ರೆ ಎಲ್ಲಾ ಕೆಲಸ ಬಿಡಬೇಕು. ಹಾಲಿನ ವ್ಯಾನು ಬಿಡೋಕೆ ನನಗೇನೂ ಬೇಜಾರಿಲ್ಲ. ಬುಧವಾರ ಬಿಡೋಕಾಗ್ತಿಲ್ಲ. ಇಲ್ಲಿ ಒಬ್ಬರು ಎದುರಿಗೆ ಕೂತು ನನ್ನ ಸುಳ್ಳು ಹೊಟ್ಟೆನೋವಿಗೆ ನೂರು ಪ್ರಶ್ನೆ ಕೇಳ್ತಾರೆ. ನನ್ನನ್ನ ಅಷ್ಟು ಕೇಳಿದೋರು ಬೇರೆ ಯಾರೂ ಇಲ್ಲ."

ಗಾಜಿನ ಆಚೆ ಪೆನ್ನು ನಿಂತಿತು. ಅವಳ ದನಿ ಮಾತ್ರ ಡಾಕ್ಟರದ್ದೇ ಇತ್ತು.

"ಶುಕ್ರವಾರದೊಳಗೆ ಸೈನ್ ಮಾಡಿ."

ಅವನ ಮುಖ ಬಾಡಿತು.

"ಮಾಡಿದ್ರೆ ನೀವು ಈ ಕಾಲೇಜಿನ ರೋಗಿ ಅಲ್ಲ," ಎಂದಳು ಅವಳು. "ರೋಗಿ ಅಲ್ಲದೋರ ಜೊತೆ ಹೊರಗೆ ಮಾತಾಡಬಾರದು ಅಂತ ಯಾವ ರೂಲೂ ಇಲ್ಲ."

ಇಷ್ಟು ಸರಳವಾದದ್ದು ತನಗೆ ಇಷ್ಟು ವಾರ ಹೊಳೆಯಲಿಲ್ಲವಲ್ಲ ಎಂದು ಅವನು ಬಾಯಿಬಿಟ್ಟುಕೊಂಡು ಕೂತ. ಆಮೇಲೆ ನಕ್ಕ. ಯಾವ ರೋಗಿಯ ಮುಖದಲ್ಲೂ ಅವಳು ಆ ನಗು ಕಂಡಿರಲಿಲ್ಲ.

ಹೊರಗೆ ಬಂದಾಗ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೊನೆಯ ಪ್ರಶ್ನೆಗೆ ಪೂರ್ತಿ ಮಾರ್ಕ್ಸು, ಉಳಿದದ್ದಕ್ಕೆ ಸೊನ್ನೆ ಎಂದರು. ಮುಂದಿನ ವಾರ ಬೇರೆ ರೋಗಿಯ ಜೊತೆ ಮತ್ತೆ ಬರಬೇಕಂತೆ.

ಮುಂದಿನ ವಾರ ಅವಳು ಆ ಪರೀಕ್ಷೆ ಮುಗಿಸಿ ಗೇಟಿಗೆ ಬಂದಾಗ ಅವನು ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ನಿಂತಿದ್ದ. ಬೆಟ್ಟದ ಕಡೆಯ ಬಸ್ಸು ಸಂಜೆಗಿತ್ತು. ಜೇಬಿನಿಂದ ಹಸಿರು ಗೆರೆಯ ಕಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟ.

"ಈಗ ನಾನು ಕೇಳ್ತೀನಿ," ಎಂದ. "ಬೇರೆ ಏನಾದ್ರೂ ಹೇಳೋದಿದೆಯಾ?"

ನೂರು ಪ್ರಶ್ನೆ ಕೇಳುವವಳಿಗೆ ಒಂದು ಉತ್ತರ ಹೇಳಲು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಮಾತು ಹುಡುಕುತ್ತಾ ಅಭ್ಯಾಸಬಲದಿಂದ ಅವನ ಮಣಿಕಟ್ಟು ಹಿಡಿದಳು. ಈ ಸಲ ಅವನ ನಾಡಿಯೂ ಓಡುತ್ತಿತ್ತು. ಅದನ್ನು ಕಂಡ ಮೇಲೆ ಅವಳಿಗೆ ಧೈರ್ಯ ಬಂತು.

"ಇದೆ," ಎಂದಳು. "ನೀವು ನನಗೆ ತುಂಬಾ ಇಷ್ಟ. ಬಸ್ಸಿಗಿನ್ನೂ ಹೊತ್ತಿದೆ, ಕೂತ್ಕೊಂಡು ಪೂರ್ತಿ ಹೇಳ್ತೀನಿ."

ಇಬ್ಬರೂ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತರು.