ಬಿರುಗಂಟನ ಸುಳ್ಳು ರೇವುಗಳು

ಬಹಳ ಬಹಳ ಹಿಂದೆ, ಆಮೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಕಡಲ ನಡುವೆ ಏಳುಕುದುರು ಎಂಬ ರಾಜ್ಯವಿತ್ತು. ಏಳು ನಡುಗಡ್ಡೆ, ಒಬ್ಬ ರಾಜ. ಒಂದು ಗಡ್ಡೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ದೋಣಿಯೇ ಗತಿ.

ಆ ಕಡಲಲ್ಲಿ ಬಿರುಗಂಟ ಎಂಬ ಮಾಂತ್ರಿಕನಿದ್ದ. ಅವನ ಕೈಯಲ್ಲೊಂದು ಕರಿಯ ದಾರ, ದಾರದಲ್ಲಿ ಮೂರು ಗಂಟು. ಮೊದಲ ಗಂಟು ಬಿಚ್ಚಿದರೆ ಮೋಡ, ಎರಡನೆಯದು ಬಿಚ್ಚಿದರೆ ಗಾಳಿ, ಮೂರನೆಯದು ಬಿಚ್ಚಿದರೆ ಚಂಡಮಾರುತ. ದೋಣಿಯವರು ಹೆದರಿ ರೇವು ಹುಡುಕುತ್ತ ಓಡುವಾಗ ಅವರನ್ನು ಹಿಡಿಯುವುದೇ ಅವನ ಕಸುಬು.

ಅದೇ ರಾಜ್ಯದಲ್ಲಿ ತುಂಗಿ ಎಂಬ ದೋಣಿ ನಡೆಸುವ ಹೆಣ್ಣುಮಗಳಿದ್ದಳು. ಒಂದು ದಿನ ಅವಳು ತನ್ನ ಅಕ್ಕ ಶೇವಂತಿಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಹೊರಟಳು. ಬೆಳಗಿನ ಕಡಲು ಎಣ್ಣೆ ಸವರಿದಂತೆ ನುಣ್ಣಗಿತ್ತು. ನಡುಹಗಲಿಗೆ ಬರುವಷ್ಟರಲ್ಲಿ ನೈಋತ್ಯದಲ್ಲಿ ಕಪ್ಪು ಮೋಡವೆದ್ದಿತು. ಮೊದಲ ಗಂಟು ಬಿಚ್ಚಿತೆಂದು ತುಂಗಿಗೆ ಗೊತ್ತಾಯಿತು. ಅಕ್ಕನಿಗೆ ಹೇಳಲಿಲ್ಲ. ಅಷ್ಟರಲ್ಲಿ ಅಕ್ಕನೇ ಸೊಂಟ ಹಿಡಿದುಕೊಂಡು, "ತುಂಗೀ, ನೋವು ಶುರುವಾಯ್ತು ಕಣೇ," ಎಂದಳು.

"ಇನ್ನೂ ಇಪ್ಪತ್ತು ದಿನ ಇದೆ ಅಂದಿದ್ದೆಯಲ್ಲ?"

"ಅದು ನನಗೆ ಗೊತ್ತು. ಹೊಟ್ಟೆಯಲ್ಲಿರೋದಕ್ಕೆ ಗೊತ್ತಾಗಬೇಕಲ್ಲ!"

ತವರು ಇನ್ನೂ ಅರ್ಧ ದಿನದ ದಾರಿ. ಗಾಳಿ ಏಳುವ ಮೊದಲು ಎಲ್ಲಾದರೂ ಲಂಗರು ಹಾಕಲೇಬೇಕು. ಅವಳು ಚುಕ್ಕಾಣಿ ತಿರುಗಿಸಿದಳು.

ಸ್ವಲ್ಪ ದೂರದಲ್ಲೇ ಒಂದು ಕೊಲ್ಲಿ ಕಂಡಿತು. ಎರಡೂ ಕಡೆ ಎತ್ತರದ ದಡ, ಒಳಗೆ ನೀರು ಅಲ್ಲಾಡದೆ ನಿಂತಿತ್ತು. "ಇಲ್ಲೇ ಇಲ್ಲೇ," ಎಂದಳು ಅಕ್ಕ. ತುಂಗಿ ಮಾತ್ರ ಆಳ ನೋಡುವ ಸೀಸದ ಗುಂಡಿಗೆ ಮೇಣ ಮೆತ್ತಿ ನೀರಿಗೆ ಇಳಿಬಿಟ್ಟಳು. ಅಡಿಯಲ್ಲಿ ಮರಳಿದ್ದರೆ ಮೇಣಕ್ಕೆ ಮರಳು ಅಂಟುತ್ತದೆ, ಕೆಸರಿದ್ದರೆ ಕೆಸರು. ಗುಂಡು ಮೇಲೆ ಬಂದಾಗ ಅದಕ್ಕೆ ಅಂಟಿದ್ದು ಬೆಚ್ಚಗಿನ ಲೋಳೆ. ತುಂಗಿ ದಡವನ್ನು ಮತ್ತೊಮ್ಮೆ ದಿಟ್ಟಿಸಿದಳು. ಬಂಡೆಗಳೆಂದುಕೊಂಡದ್ದು ಹಲ್ಲುಗಳು. ಹಲ್ಲುಗಳ ಸಂದಿಯಲ್ಲಿ ಮುರಿದ ಹಾಯಿಮರಗಳು ಸಿಕ್ಕಿಕೊಂಡಿದ್ದವು.

ಅದು ಬಾಯಿ ತೆರೆದು ಮಲಗಿದ್ದ ಮಹಾಮೀನು. ತುಂಗಿ ಉಸಿರು ಬಿಗಿಹಿಡಿದು, ಸದ್ದಾಗದಂತೆ ಹುಟ್ಟು ಹಾಕುತ್ತ ಹಿಂದೆ ಸರಿದಳು. ದೋಣಿ ಹೊರಬಿದ್ದ ಕ್ಷಣವೇ ಹಿಂದೆ ಬಾಯಿ ಧಡ್ಡನೆ ಮುಚ್ಚಿತು.

ಆಗ ಎರಡನೆಯ ಗಂಟು ಬಿಚ್ಚಿತು. ಹಾಯಿ ಪಟಪಟನೆ ಬಡಿದುಕೊಂಡಿತು, ಅಲೆಗಳು ದೋಣಿಯೊಳಗೆ ಇಣುಕಿದವು. ಅಕ್ಕನ ನೋವು ಮೊದಲಿಗಿಂತ ಬೇಗ ಬೇಗ ಬರತೊಡಗಿತು.

ಎರಡನೆಯ ರೇವಿನಲ್ಲಿ ಊರಿತ್ತು. ಮನೆಗಳ ಮೇಲೆ ಹೊಗೆ, ದಡದ ತುಂಬ ಹೆಂಗಸರು. "ಬನ್ನಿ ತಾಯಿ, ಬನ್ನಿ! ಬಿಸಿನೀರು ಕಾದಿದೆ, ಸೂಲಗಿತ್ತಿ ಬಂದಿದ್ದಾಳೆ!" ಎಂದು ಕೈಬೀಸಿ ಕರೆದರು.

ತುಂಗಿ ಗುಂಡು ಬಿಟ್ಟಳು. ಹಗ್ಗ ಹತ್ತು ಮಾರು ಹೋಯಿತು, ಇಪ್ಪತ್ತು ಮಾರು ಹೋಯಿತು, ಮುಗಿದೇ ಹೋಯಿತು. ಅಡಿ ಸಿಗಲಿಲ್ಲ. ದಡ ಇಷ್ಟು ಹತ್ತಿರವಿದ್ದು ಅಡಿಯೇ ಇಲ್ಲವೆಂದರೆ?

"ಯಾಕೆ ನಿಂತೆ? ನಾನು ಸಾಯಬೇಕಾ?" ಅಕ್ಕ ಅತ್ತಳು.

ತುಂಗಿಗೂ ಅಳು ಬಂತು. ನೀರು ಮೊಗೆಯುವ ಚಿಪ್ಪನ್ನು ತೆಗೆದು ದಡದತ್ತ ಎಸೆದಳು. ಚಿಪ್ಪು ಒಬ್ಬ ಹೆಂಗಸಿನ ಎದೆಯನ್ನು ಹಾದು, ಮನೆಯ ಗೋಡೆಯನ್ನು ಹಾದು, ಆಚೆಯ ನೀರಿಗೆ ಬಿತ್ತು. ಹೆಂಗಸರು ನಗುತ್ತಲೇ ಇದ್ದರು. ಅಕ್ಕ ಅದನ್ನು ಕಂಡಳು. ತಂಗಿಯ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೂರನೆಯ ರೇವು ನೋಡಿದರೆ ಹೆದರಿಕೆಯಾಗುವಂತಿತ್ತು. ಕರಿಬಂಡೆಗಳ ನಡುವೆ ಇಕ್ಕಟ್ಟಿನ ಬಾಗಿಲು. ಆದರೆ ಗುಂಡಿಗೆ ದಪ್ಪನೆಯ ಬೂದು ಕೆಸರು ಅಂಟಿ ಬಂತು. ಲಂಗರು ಕಚ್ಚಿ ಹಿಡಿಯುವ ಕೆಸರು! ತುಂಗಿಯ ಎದೆ ಹಗುರಾಯಿತು. ಮರುಗಳಿಗೆಯೇ ಬಾಗಿಲಿಗೆ ಅಡ್ಡಲಾಗಿ ಮನೆಯಷ್ಟು ದೊಡ್ಡ ಆಮೆ ಮಲಗಿದ್ದುದು ಕಂಡಿತು.

"ಅಜ್ಜೀ, ದಾರಿ ಬಿಡು. ಅಕ್ಕ ಹೆರುತ್ತಿದ್ದಾಳೆ," ಎಂದಳು ತುಂಗಿ.

"ಬಿಡುವ ಆಸೆ ನನಗೂ ಇದೆ ಮಗಳೇ," ಎಂದಿತು ಆಮೆ. "ಬಿರುಗಂಟನ ಮಂತ್ರ ನನ್ನ ಕಾಲು ಕಟ್ಟಿದೆ. ಅವನು ಇರುವತನಕ ನಾನು ಕದಲಲಾರೆ."

ಬಂಡೆಯ ಮರೆಯಿಂದ ಬಿರುಗಂಟ ಬಂದ. ಸೋರೆಬುರುಡೆಯಂಥ ದುಂಡನೆಯ ದೋಣಿಯಲ್ಲಿ ನಿಂತಿದ್ದ. ಒಂದು ಕೈಯಲ್ಲಿ ದಾರ, ಉಳಿದದ್ದು ಒಂದೇ ಗಂಟು.

"ನಿಜವಾದ ರೇವು ಇದೊಂದೇ," ಎಂದ. "ಹುಟ್ಟುವ ಕೂಸನ್ನು ನನಗೆ ಕೊಡು, ಒಳಗೆ ಬಿಡುತ್ತೇನೆ. ಇಲ್ಲವಾದರೆ ಈ ಗಂಟು ಬಿಚ್ಚುತ್ತೇನೆ."

"ಕೊಡಬೇಡ!" ಎಂದು ಅಕ್ಕ ಚೀರಿದಳು.

ತುಂಗಿ ಸುತ್ತ ನೋಡಿದಳು. ಹಿಂದೆ ಹೆಡೆಯೆತ್ತಿದ ಕಡಲು. ಮುಂದೆ ಇವನು. ಕಾಲ ಬಳಿ ಅಪ್ಪ ಬಿಟ್ಟುಹೋದ ಕಬ್ಬಿಣದ ಲಂಗರು. ಇದ್ದದ್ದು ಅದೊಂದೇ.

"ಆಗಲಪ್ಪ," ಎಂದಳು ತಲೆತಗ್ಗಿಸಿ. "ಆದರೆ ಹುಟ್ಟು ಹಾಕಿ ಹಾಕಿ ನನ್ನ ರಟ್ಟೆ ಬಿದ್ದುಹೋಗಿದೆ. ಈ ಹಗ್ಗ ಹಿಡಿ, ನೀನೇ ಎಳೆದುಕೊಂಡು ಹೋಗು."

ಲಂಗರಿಗೆ ಕಟ್ಟಿದ್ದ ಹಗ್ಗದ ಇನ್ನೊಂದು ತುದಿಯನ್ನು ಎಸೆದಳು. ಬುರುಡೆದೋಣಿಯಲ್ಲಿ ಹಗ್ಗ ಕಟ್ಟಲು ಗೂಟವಿರಲಿಲ್ಲ. ಕೂಸಿನ ಆಸೆಗೆ ಬಿದ್ದ ಬಿರುಗಂಟ ಅದನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ಬಿಗಿದುಕೊಂಡ. ತುಂಗಿ ಎರಡೂ ಕಾಲಿನಿಂದ ಲಂಗರನ್ನು ಒದ್ದಳು.

ಲಂಗರು ಗುಳುಮ್ಮನೆ ಮುಳುಗಿತು. ಹಗ್ಗ ಸರ್ರನೆ ಓಡಿತು. ಬಿರುಗಂಟ ಬಾಯಿ ತೆರೆಯುವಷ್ಟರಲ್ಲಿ ನೀರಿನೊಳಗಿದ್ದ. ಆದರೂ ಅವನ ಬೆರಳು ಸುಮ್ಮನಿರಲಿಲ್ಲ. ಮುಳುಗುತ್ತ ಮುಳುಗುತ್ತಲೇ ಮೂರನೆಯ ಗಂಟನ್ನು ಬಿಚ್ಚಿಬಿಟ್ಟ.

ಕಡಲು ಗೋಡೆಯಂತೆ ಎದ್ದಿತು.

ಅವನ ಉಸಿರಿನ ಜೊತೆಗೆ ಅವನ ಮಂತ್ರವೂ ಸತ್ತಿತು. ಆಮೆ ಪಕ್ಕಕ್ಕೆ ಸರಿಯಿತು. ತುಂಗಿ ದೋಣಿಯನ್ನು ಒಳಗೆ ನುಗ್ಗಿಸಿದಳು. ಆಮೆ ಮತ್ತೆ ಬಾಗಿಲಿಗೆ ಅಡ್ಡ ಬಂದು ನಿಂತಿತು. ಬೆಟ್ಟದಂಥ ಅಲೆಗಳು ಅದರ ಚಿಪ್ಪಿಗೆ ಬಡಿದು ಒಡೆದು ನೊರೆಯಾದವು. ಆದರೂ ದೋಣಿ ಬಂಡೆಯತ್ತ ಜಾರತೊಡಗಿತು.

"ಲಂಗರು ಹೋಯಿತು ಅಜ್ಜೀ!" ಎಂದು ತುಂಗಿ ಕೂಗಿದಳು.

"ಹಾಯಿಯ ಹಗ್ಗವನ್ನು ನನ್ನ ಕಾಲಿಗೆ ಕಟ್ಟು."

"ಈಗಷ್ಟೇ ಬಿಡುಗಡೆಯಾದ ಕಾಲು..."

"ಇದು ನಾನಾಗಿ ಕೊಡುವ ಕಾಲು. ಬೇಗ ಕಟ್ಟೇ!"

ತುಂಗಿ ಕಟ್ಟಿದಳು. ಹಗ್ಗ ಬಿಗಿಯಿತು, ದೋಣಿ ನಿಂತಿತು. ಆಮೇಲೆ ಅವಳು ಅಕ್ಕನ ಬಳಿ ಮಂಡಿಯೂರಿದಳು. ಹೆರಿಗೆ ಮಾಡಿಸಿ ಗೊತ್ತಿರಲಿಲ್ಲ. ಹೊರಗೆ ಕಡಲು ಮೊರೆಯಿತು, ಒಳಗೆ ಅಕ್ಕ ಮೊರೆದಳು. "ಇನ್ನೊಂದು ಸಲ ಅಕ್ಕ, ಇನ್ನೊಂದೇ ಸಲ," ಎನ್ನುತ್ತ ತುಂಗಿ ಅವಳ ಬೆನ್ನು ನೀವಿದಳು. ಸಂಜೆಗೆ ಗಾಳಿ ದಣಿಯಿತು. ಆಗ ದೋಣಿಯಲ್ಲಿ ಸಣ್ಣದೊಂದು ಅಳು ಕೇಳಿತು.

"ಏನು ಮಗು?" ಎಂದಿತು ಆಮೆ, ತಿರುಗಿ ನೋಡದೆಯೇ.

"ಹೆಣ್ಣು ಅಜ್ಜೀ," ಎಂದಳು ಶೇವಂತಿ.

ಬೆಳಗಾದಾಗ ಸುಳ್ಳು ಊರು ಕರಗಿಹೋಗಿತ್ತು. ಬಿರುಗಂಟನ ಮಾಯೆಯಿಂದ ಬಿಡುಗಡೆಯಾದ ಮಹಾಮೀನು ತಾನು ನುಂಗಿದ್ದ ಹಡಗುಗಳನ್ನೆಲ್ಲ ಉಗುಳಿತು. ಒಳಗಿದ್ದವರು ಬದುಕಿದ್ದರು, ಕಣ್ಣುಜ್ಜಿಕೊಳ್ಳುತ್ತ ತಂತಮ್ಮ ಊರಿನ ದಾರಿ ಕೇಳಿದರು. ಏಳುಕುದುರಿನ ರಾಜ ಆ ರೇವನ್ನು ಎಲ್ಲ ದೋಣಿಗಳಿಗೂ ಬಿಟ್ಟುಕೊಟ್ಟು, ತುಂಗಿಯನ್ನು ಅದರ ಒಡತಿಯನ್ನಾಗಿ ಮಾಡಿದ. ಬಾಣಂತಿ ತವರು ಸೇರಿದಳು, ಕೂಸು ದುಂಡಗೆ ಬೆಳೆಯಿತು. ಆಮೆಯಜ್ಜಿ ಮಾತ್ರ ನೂರು ವರ್ಷದ ಮೇಲೆ ಮೊದಲ ಬಾರಿಗೆ ಕಾಲು ಚಾಚಿ, ತನಗೆ ಬೇಕಾದ ಕಡೆಗೆ ಈಜಿಕೊಂಡು ಹೋಯಿತು.